ರೊಟ್ಟಿ ಬುಟ್ಟಿಯ ತೂಕ

ನಮ್ಮ ಕಡೆ ಉಣ್ಣಲು ಕೂತವರ ರೊಟ್ಟಿ ಎಣಿಸುವುದಿಲ್ಲ. ಎಣಿಸಿದರೆ ಉಂಡವರ ಮೈಗೆ ಹತ್ತುವುದಿಲ್ಲ ಎಂದು ಕೆಲವರು ಹೇಳುತ್ತಾರೆ, ಮನೆಯ ಬರಕತ್ತು ಹೋಗುತ್ತದೆ ಎಂದು ಕೆಲವರು. ಚಿಕ್ಕವನಿದ್ದಾಗ ಒಮ್ಮೆ ಅಪ್ಪನ ತಾಟಿಗೆ ಬಿದ್ದ ರೊಟ್ಟಿಗಳನ್ನು ಬೆರಳು ಮಡಚಿ ಎಣಿಸಿದ್ದಕ್ಕೆ ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಬೆರಳ ಮೇಲೆ ಹೊಡೆದಿದ್ದಳು. ಆಮೇಲೆ ಬದುಕಿನಲ್ಲಿ ಏನೇನನ್ನೋ ಎಣಿಸಿದೆ, ಏನೇನನ್ನೋ ತೂಗಿದೆ. ರೊಟ್ಟಿ ಮಾತ್ರ ಎಣಿಸಲಿಲ್ಲ.

ನಾನು ತೂಕದವನು. ಗುಡಗೇರಿಯ ಒಂದು ಕಾಳಿನ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ತೂಕದ ಕಾಂಟಾದ ಮುಂದೆ ನಿಂತಿದ್ದೇನೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಅಪ್ಪ ಚೀಲ ಎತ್ತುವಾಗ ಸೊಂಟ ಹಿಡಿದುಕೊಂಡು ಮಲಗಿದ, ಅವನ ಜಾಗಕ್ಕೆ ನಾನು ಹೋದೆ. ಮೊದಲು ಚೀಲ ಹೊತ್ತೆ, ಆಮೇಲೆ ಚೀಲದ ಬಾಯಿ ಹೊಲಿದೆ, ಆಮೇಲೆ ತೂಕಕ್ಕೆ ನಿಂತೆ. ಯರಗುಪ್ಪಿ ಕಡೆಯಿಂದ ಜೋಳ ಕಡಲೆ ತರುವ ರೈತರು ಅಂಗಡಿಯ ಸಾವಕಾರನನ್ನು ನಂಬದಿದ್ದರೂ ನನ್ನನ್ನು ನಂಬುತ್ತಾರೆ. "ಅಂವ ನಿಂತಾನೇನು ಕಾಂಟಾಕ್ಕ? ಹಂಗಾರ ಇಳಸ್ರಿ ಚೀಲ" ಎಂದು ಗಾಡಿಯ ಮೇಲಿನಿಂದಲೇ ಕೂಗಿದವರಿದ್ದಾರೆ. ಈ ಮಾತು ಕೇಳಿದ ದಿನ ನನಗೆ ಊಟ ಹೆಚ್ಚು ರುಚಿಸುತ್ತಿತ್ತು. ಶಾಲೆ ಕಲಿಯದಿದ್ದರೂ ನನ್ನ ಅಂಕಿಗೆ ಒಂದು ಬೆಲೆ ಇದೆ ಎಂಬ ಸೊಕ್ಕು ನನಗಿತ್ತು.

ಅಂಥ ನಾನು ಒಂದು ಹಾಳೆಯಲ್ಲಿ ಒಂದು ಅಂಕಿ ಬದಲಿಸಿದೆ. ಅದು ನನ್ನ ಹೆಂಡತಿಯ ಅಂಕಿ. ಅವಳ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಯಾರಾದರೂ ನೋಡುವರೋ ಇಲ್ಲವೋ ಎಂಬುದು ಆ ಅಂಕಿಯ ಮೇಲೆ ನಿಂತಿತ್ತು. ಅದನ್ನೇ ಇಲ್ಲಿ ಬರೆಯಬೇಕಾಗಿದೆ.

ಎರಡು ಮಳೆಗಾಲದ ಹಿಂದಿನ ಮಾತು. ಆಷಾಢದಲ್ಲಿ ಅಂಗಡಿಗೆ ಮಾಲು ಬರುವುದು ಕಡಿಮೆ. ಒಂದು ದಿನ ಧಾರವಾಡದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದ ಒಬ್ಬ ಹುಡುಗಿ ಬೆನ್ನಿಗೆ ಚೀಲ ಹಾಕಿಕೊಂಡು ಅಂಗಡಿಗೆ ಬಂದಳು. ಚೀಲದೊಳಗಿಂದ ಒಂದು ಸಣ್ಣ ಎಲೆಕ್ಟ್ರಾನಿಕ್ ಕಾಂಟಾ ತೆಗೆದು, "ಕಾಕಾ, ಇದು ಖರೇ ತೂಕ ತೋರಸ್ತದೋ ಇಲ್ಲೋ ನೋಡಬೇಕಾಗೇದ. ನಿಮ್ಮ ತೂಕದ ಕಲ್ಲು ಒಂದೀಟು ಕೊಡ್ತೀರೇನು?" ಎಂದಳು.

ನಾನು ಅರ್ಧ ಕಿಲೋದ ಕಲ್ಲು ಇಟ್ಟೆ. ಸ್ವಲ್ಪ ಹೆಚ್ಚು ತೋರಿಸಿತು. ಹಲಗೆಯ ಮೇಲೆ ಅಂಗೈ ಆಡಿಸಿ ನೋಡಿದೆ. ಒಂದು ಮೂಲೆ ತಗ್ಗಿತ್ತು. ಚೀಟಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕಾಂಟಾದ ಕಾಲಿನ ಕೆಳಗೆ ಇಟ್ಟೆ. ಅಂಕಿ ಸರಿಯಾಗಿ ಬಂದು ನಿಂತಿತು.

"ಕಾಂಟಾದ್ದ ತಪ್ಪಿಲ್ರಿ ಅಕ್ಕಾರ. ಕುಂತ ಜಾಗಾದ್ದ ತಪ್ಪು," ಎಂದೆ.

ಹುಡುಗಿಗೆ ಈ ಮಾತು ಬಹಳ ಹಿಡಿಸಿತು. ಪುಸ್ತಕ ತೆಗೆದು ಬರೆದುಕೊಂಡಳು. ನಾನು ಆಡಿದ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು.

ಅವಳ ಕೆಲಸ ಏನೆಂದು ಕೇಳಿದೆ. ಒಂದು ಮನೆಯಲ್ಲಿ ಬೇಯುವ ಅನ್ನ ರೊಟ್ಟಿ ಯಾರ ಹೊಟ್ಟೆಗೆ ಎಷ್ಟು ಹೋಗುತ್ತದೆ ಎಂದು ತೂಗಿ ಬರೆಯುವುದು. ನನಗೆ ನಗು ಬಂತು. ಇದಕ್ಕೆ ತೂಗುವುದೇಕೆ? "ನಮ್ಮ ಮನೀಗೆ ತಿಂಗಳಿಗೆ ಎಷ್ಟು ಜೋಳ ಬೀಸಸ್ತೀವಿ ಅನ್ನೂದು ನನಗ ಗೊತ್ತೈತಿ. ಮಂದಿ ಎಷ್ಟು ಅನ್ನೂದೂ ಗೊತ್ತೈತಿ. ಭಾಗಾಕಾರ ಮಾಡಿದ್ರ ಮುಗೀತಲ್ರಿ. ಒಬ್ಬೊಬ್ಬರಿಗೆ ಎಷ್ಟು ಅಂತ ಬಂತಲ್ಲ!"

ಅವಳು ನಕ್ಕಳು. "ಕಾಕಾ, ಬಡಸೂದು ಭಾಗಾಕಾರ ಅಲ್ಲಲ್ಲ."

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಆದರೆ ನನ್ನ ಲೆಕ್ಕಕ್ಕೆ ಎದುರು ಹೇಳಿದ್ದಾಳೆ ಎಂಬ ಹಟಕ್ಕೆ ಅವಳ ಜೊತೆ ಹೋಗಲು ಒಪ್ಪಿದೆ. ಅವಳಿಗೂ ಊರಿನವನೊಬ್ಬ ಬೇಕಾಗಿತ್ತು. ಗುಡಗೇರಿಗೆ ಹತ್ತಿದಂತೆಯೇ ನಮ್ಮ ಹಳ್ಳಿ. ಅವಳು ಚೀಟಿ ಎತ್ತಿ ಆರಿಸಿದ್ದ ಊರುಗಳಲ್ಲಿ ಅದೂ ಇತ್ತು. ಊರಿನೊಳಗೆ ಮನೆಗಳನ್ನೂ ಹಾಗೆಯೇ ಚೀಟಿ ಎತ್ತಿ ಆರಿಸಿದ್ದಳು. ಇಪ್ಪತ್ತು ಮನೆ.

ಮೊದಲ ಮನೆಯಲ್ಲೇ ಎಡವಿದೆವು. ಅಲ್ಲಿಯ ಮುದುಕಿ ನನ್ನ ಅವ್ವನ ವಾರಿಗೆಯವಳು. ಹುಡುಗಿ "ಆಯಿ, ಎಲ್ಲಾರೂ ಎಷ್ಟೆಷ್ಟು ರೊಟ್ಟಿ ಉಣ್ತೀರಿ?" ಎಂದು ಕೇಳಿದಳೋ ಇಲ್ಲವೋ, ಮುದುಕಿ ನನ್ನ ಕಡೆ ತಿರುಗಿದಳು.

"ಏನಲೇ ಇದು? ಮಂದಿ ರೊಟ್ಟಿ ಎಣಸಾಕ ಕರಕೊಂಡು ಬಂದಿಯೇನು? ನಿಮ್ಮವ್ವ ನಿನಗ ಇಷ್ಟೂ ಕಲಿಸಿಲ್ಲೇನು? ಎದ್ದ ನಡಿ ಮೊದ್ಲ!"

ಹುಡುಗಿಯ ಮುಖ ಸಣ್ಣದಾಯಿತು. ನನಗೆ ತಟ್ಟನೆ ಒಂದು ದಾರಿ ಹೊಳೆಯಿತು. "ಎಣಸೂದಿಲ್ಲ ಆಯಿ. ಆಣಿ ಮಾಡ್ತೀನಿ, ಒಂದು ರೊಟ್ಟೀನೂ ಎಣಸೂದಿಲ್ಲ. ಬುಟ್ಟಿ ಅಷ್ಟ ತೂಗತೀವಿ. ಒಬ್ರು ಉಂಡು ಎದ್ದ ಮ್ಯಾಲೆ ಬುಟ್ಟಿ ಒಮ್ಮಿ ಕಾಂಟಾದ ಮ್ಯಾಲೆ ಇಟ್ಟು ತಗೊಂಡು ಹೋಗು. ಕಾಳಿನ ಚೀಲ ತೂಗಿದಂಗ."

ಮುದುಕಿ ಕಾಂಟಾವನ್ನು ಒಮ್ಮೆ ಮುಟ್ಟಿ ನೋಡಿದಳು. "ತೂಗಿದ್ರ ಅಡ್ಡಿಯಿಲ್ಲ. ತೂಕಕ್ಕ ದೃಷ್ಟಿ ಹತ್ತೂದಿಲ್ಲ," ಎಂದು ತಾನೇ ತೀರ್ಪು ಕೊಟ್ಟಳು.

ಅಲ್ಲಿಂದ ಎಲ್ಲ ಮನೆಗಳಲ್ಲೂ ಹೀಗೆಯೇ ನಡೆಯಿತು. ನಾನು ಪಡಸಾಲೆಯಲ್ಲಿ ಕಾಂಟಾ ಇಟ್ಟುಕೊಂಡು ಕೂರುತ್ತಿದ್ದೆ. ಹುಡುಗಿ ಒಳಗೆ ಹೆಂಗಸರ ಜೊತೆ ಇದ್ದು ಈಗ ಉಂಡವರು ಯಾರು ಎಂದು ಕೂಗಿ ಹೇಳುತ್ತಿದ್ದಳು. ಬುಟ್ಟಿ ಹೊರಗೆ ಬರುತ್ತಿತ್ತು, ನಾನು ತೂಕ ಓದಿ ಬರೆಯುತ್ತಿದ್ದೆ. ಮೊದಲಿನ ತೂಕದಲ್ಲಿ ಈಗಿನದನ್ನು ಕಳೆದರೆ ಉಂಡವರ ಪಾಲು. ಕಳೆ ತೆಗೆಯುವ ದಿನಗಳು. ಹೆಂಗಸರಿಗೆ ದಿನಾ ಬಿಸಿರೊಟ್ಟಿ ಬಡಿಯಲು ಪುರಸೊತ್ತಿರಲಿಲ್ಲ. ಎಲ್ಲರ ಮನೆಯಲ್ಲೂ ಒಣಗಿಸಿಟ್ಟ ಖಡಕ್ ರೊಟ್ಟಿ. ತೂಗಲು ಸಲೀಸು.

ಹುಡುಗಿ ಒಂದು ನಿಯಮ ಹೇಳಿಕೊಟ್ಟಿದ್ದಳು. "ಅಂಕಿ ತಪ್ಪಿದ್ರ ಅಳಸಬ್ಯಾಡ್ರಿ ಕಾಕಾ. ಒಂದು ಗೆರಿ ಎಳೆದು ಬಾಜೂಕ ಖರೇದು ಬರೀರಿ. ತಪ್ಪಿದ್ದೂ ಕಾಣಬೇಕು." ನನ್ನ ಸಾವಕಾರನಿಗೂ ಈ ನಿಯಮ ಯಾರಾದರೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು ಎಂದು ನಾನು ನಗೆಯಾಡಿದ್ದೆ.

ಮನೆ ಮನೆಯಲ್ಲೂ ಒಂದೇ ಕಥೆ. ಗಂಡಸರು ಉಂಡಾಗ ಬುಟ್ಟಿಯ ತೂಕ ದಡದಡ ಇಳಿಯುತ್ತಿತ್ತು. ಕೊನೆಗೆ ಮನೆಯಾಕೆ ಕೂತು ಎದ್ದಾಗ ಅಂಕಿ ಅಲುಗಾಡಿತೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು. ಬಾಯಿಬಿಟ್ಟು ಕೇಳಿದರೆ ಒಬ್ಬ ಹೆಂಗಸೂ ನಾನು ಕಡಿಮೆ ಉಂಡೆ ಎನ್ನುತ್ತಿರಲಿಲ್ಲ. "ಹೊಟ್ಟಿ ತುಂಬ ಉಂಡೀನವಾ" ಎನ್ನುತ್ತಿದ್ದರು. ಕಾಂಟಾ ಬೇರೆ ಹೇಳುತ್ತಿತ್ತು.

ಬಾಜೂ ಮನೆಯ ಗೆಳೆಯನ ಮನೆಯಲ್ಲೂ ಹಾಗೆಯೇ ಆಯಿತು. ಅವನೂ ನಾನೂ ಒಂದೇ ಹಲಗೆಯ ಮೇಲೆ ಕೂತು ಶಾಲೆ ಕಲಿತವರು; ಅವನೀಗ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಮರುದಿನ ಗುಡಿಯ ಕಟ್ಟೆಯ ಮೇಲೆ ಐದಾರು ಮಂದಿ ಕೂತಿದ್ದಾಗ ನಾನು ಸುಮ್ಮನಿರಲಿಲ್ಲ.

"ಏನಪಾ ದೋಸ್ತ, ಟ್ರ್ಯಾಕ್ಟರಿಗೆ ಡೀಸೆಲ್ ಬರೋಬ್ಬರಿ ಹಾಕ್ತಿ, ಹೇಣ್ತಿನ್ನ ಮಾತ್ರ ಎರಡ ರೊಟ್ಟಿಮ್ಯಾಲೆ ಓಡಸ್ತಿಯಲ್ಲೋ!"

ಎಲ್ಲರೂ ನಕ್ಕರು. ಗೆಳೆಯ ನಗಲಿಲ್ಲ. "ನಾ ಬ್ಯಾಡ ಅಂದೀನೇನು? ಆಕೀನ ಉಣ್ಣೂದಿಲ್ಲಲೇ," ಎಂದ.

"ಎಲ್ಲಾರೂ ಹಿಂಗ ಅಂತಾರ. ನಮ್ಮ ಮನೀಗೆ ಬಾ, ತೋರಸ್ತೀನಿ. ನಮ್ಮಲ್ಲಿ ಬುಟ್ಟಿ ಯಾವತ್ತೂ ಬರಿದಾಗಿಲ್ಲ."

ಒಬ್ಬರ ಮನೆಯಲ್ಲಿ ಬರೆದದ್ದನ್ನು ಇನ್ನೊಬ್ಬರ ಮುಂದೆ ಆಡಬಾರದೆಂದು ಹುಡುಗಿ ಮೊದಲ ದಿನವೇ ಹೇಳಿದ್ದಳು. ನಾನು ಆಡಿದೆ.

ನಮ್ಮ ಮನೆಯೂ ಚೀಟಿಯಲ್ಲಿ ಬಂದಿತ್ತು. ಆ ದಿನ ಹುಡುಗಿ ನನ್ನ ಕೈಗೆ ಕಾಂಟಾ ಕೊಡಲಿಲ್ಲ. "ಸ್ವಂತ ಮನೀದು ಸ್ವಂತ ಕೈಲೆ ಬ್ಯಾಡ ಕಾಕಾ. ಇವತ್ತು ನೀವು ಉಣ್ಣವರು ಅಷ್ಟ" ಎಂದು ತಾನೇ ಓದಿ ತಾನೇ ಬರೆದಳು. ನಮ್ಮ ಮನೆಯ ದೊಡ್ಡಸ್ತಿಕೆ ಅವಳು ನೋಡಲಿ ಎಂದು ನಾನು ಅಂಗಡಿಗೆ ಬಂದಿದ್ದ ಇಬ್ಬರು ರೈತರನ್ನು ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಮೊದಲೇ ಹೇಳಿರಲಿಲ್ಲ. ನಾನು ಯಾವತ್ತೂ ಹೇಳುವುದಿಲ್ಲ. "ಬರ್ರಿ, ಉಂಡು ಹೋಗೂಣು" ಎಂದು ದಾರಿಯಲ್ಲಿ ಸಿಕ್ಕವರನ್ನು ಕರೆಯುವುದು ನನ್ನ ರೂಢಿ. ಹತ್ತು ಊರಿನಲ್ಲಿ ನಮ್ಮ ಮನೆಯ ರೊಟ್ಟಿ ಉಂಡವರಿದ್ದಾರೆ.

"ದಿನಾನೂ ಯಾರರ ಬರ್ತಾರೇನ್ರಿ ಕಾಕಾ?" ಎಂದು ಹುಡುಗಿ ಕೇಳಿದಳು.

"ಬರದ ದಿನ ನನಗ ಉಣ್ಣಾಕ ಸೇರೂದಿಲ್ರಿ ಅಕ್ಕಾರ," ಎಂದೆ.

ರೈತರು ಉಂಡರು, ನಾನು ಉಂಡೆ, ಮಗ ಉಂಡ, ಅವ್ವ ಉಂಡಳು, ಮಗಳು ಕಾಲೇಜಿಗೆ ತಡವಾಯಿತೆಂದು ನಿಂತೇ ಉಂಡಳು. ಪ್ರತಿ ಸಲ ಬುಟ್ಟಿ ಕಾಂಟಾ ಏರಿ ಇಳಿಯಿತು. ಕೊನೆಗೆ ಹೆಂಡತಿ ಒಲೆಯ ಬಾಜೂಕ ಕೂತಳು. ಪಲ್ಯ ಮುಗಿದಿತ್ತು. ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ, ಮಜ್ಜಿಗೆ. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಅಡಕೆ ಕತ್ತರಿಸುತ್ತಿದ್ದೆ. ಬುಟ್ಟಿಯಲ್ಲಿ ಇನ್ನೂ ರೊಟ್ಟಿ ಇದ್ದದ್ದು ನನಗೆ ಕಾಣುತ್ತಿತ್ತು. ಹೀಗಾಗಿ ಧೈರ್ಯವಾಗಿದ್ದೆ.

ಕಾಳು ಅಳೆಯುವಾಗ ನಾವು ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಲಾಭ, ಎರಡು, ಮೂರು. ಅವಳು ಬುಟ್ಟಿಯಿಂದ ಒಂದು ರೊಟ್ಟಿ ತೆಗೆದಾಗ ರೂಢಿಯಂತೆ ನನ್ನ ಮನಸ್ಸು ಲಾಭ ಎಂದಿತು. ಎರಡು ಎನ್ನಲು ಕಾಯ್ದೆ. ಅವಳು ಎರಡನೆಯದರಲ್ಲಿ ಅರ್ಧ ಮಾತ್ರ ಮುರಿದು ತೆಗೆದುಕೊಂಡು ತಿಂದು, ಉಳಿದರ್ಧವನ್ನು ಬುಟ್ಟಿಯಲ್ಲೇ ಇಟ್ಟು, ಮೇಲೆ ಅರಿವೆ ಮುಚ್ಚಿ ಎದ್ದುಬಿಟ್ಟಳು.

"ನೂರಾ ಹತ್ತು ಗ್ರಾಂ," ಎಂದು ಹುಡುಗಿ ಮೆಲ್ಲಗೆ ಓದಿ ಬರೆದಳು. ನನ್ನದು ನಾಲ್ಕುನೂರು ದಾಟಿತ್ತು. ಗೆಳೆಯನ ಹೆಂಡತಿಯದಕ್ಕಿಂತ ನನ್ನ ಹೆಂಡತಿಯದು ಕಡಿಮೆ.

"ಬುಟ್ಟ್ಯಾಗ ಇನ್ನೂ ಅದಾವಲ್ರಿ ಕಾಕೂ, ಯಾಕ ಉಣ್ಣಲಿಲ್ಲ?" ಹುಡುಗಿ ಕೇಳಿದ್ದು ನನಗೆ ಕೇಳಿಸಿತು.

"ನಮ್ಮನ್ಯಾರು ಸಂಜೀಕ ಯಾರನ್ನ ಕರಕೊಂಡು ಬರ್ತಾರೋ ಗೊತ್ತಿರೂದಿಲ್ಲವಾ. ಬುಟ್ಟ್ಯಾಗ ಇರಬೇಕು. ಇಲ್ಲಂದ್ರ ಅವರ ಮಾರಿ ಸಣ್ಣದಾಗತೈತಿ."

ಅವಳ ದನಿಯಲ್ಲಿ ದೂರೇನೂ ಇರಲಿಲ್ಲ. ಬುಟ್ಟಿ ಯಾವತ್ತೂ ಬರಿದಾಗಿಲ್ಲ ಎಂದು ನಾನು ಕಟ್ಟೆಯ ಮೇಲೆ ಎದೆ ತಟ್ಟಿಕೊಂಡಿದ್ದೆನಲ್ಲ, ಅದು ಹೇಗೆ ಬರಿದಾಗಿಲ್ಲ ಎಂಬುದು ಇಪ್ಪತ್ತಾರು ವರ್ಷದ ಸಂಸಾರದ ಮೇಲೆ ಒಂದು ಸಣ್ಣ ಕಾಂಟಾದಿಂದ ನನಗೆ ಗೊತ್ತಾಯಿತು. ಅಡಕೆ ಬಾಯಲ್ಲಿ ಹಾಗೇ ಉಳಿಯಿತು.

ಹಿಟ್ಟು, ಎಣ್ಣೆ ಹತ್ತಿ ಹಾಳೆಗಳು ಹೊಲಸಾಗುತ್ತಿದ್ದವು. ನನ್ನ ಅಂಕಿ ಅಚ್ಚು ಒತ್ತಿದಂತೆ ಇರುತ್ತದೆಂದು ಹುಡುಗಿ ಎಲ್ಲ ಮನೆಗಳದನ್ನೂ ನನ್ನಿಂದಲೇ ಸ್ವಚ್ಛ ಹಾಳೆಗೆ ಇಳಿಸುತ್ತಿದ್ದಳು. ಆ ವಾರ ಅವಳು ಕಾಲೇಜಿನ ಕೆಲಸಕ್ಕೆ ಧಾರವಾಡಕ್ಕೆ ಹೋದಳು. ನಮ್ಮ ಮನೆಯ ಕಚ್ಚಾ ಹಾಳೆಯನ್ನೂ ನನ್ನ ಕೈಗೇ ಕೊಟ್ಟು ಹೋದಳು.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಕಡಲೆ ಚೀಲದ ಮೇಲೆ ಹಲಗೆ ಇಟ್ಟುಕೊಂಡು ಬರೆಯಲು ಕೂತೆ. ನನ್ನ ಸಾಲು ಬರೆದೆ, ಮಗನದು ಬರೆದೆ, ಅವ್ವನದು, ಮಗಳದು. ಹೆಂಡತಿಯ ಸಾಲಿಗೆ ಬಂದಾಗ ಕೈ ನಿಂತಿತು. ಕಟ್ಟೆಯ ಮೇಲಿನ ನಗು ನೆನಪಾಯಿತು. ಈ ಹಾಳೆಯನ್ನು ಧಾರವಾಡದಲ್ಲಿ ಓದಿದವರು ಓದುತ್ತಾರೆ, ಇಂಥವನ ಮನೆಯಲ್ಲಿ ಹೀಗೆ ಎನ್ನುತ್ತಾರೆ. ನೂರಾ ಹತ್ತರ ಜಾಗದಲ್ಲಿ ಮುನ್ನೂರಾ ಹತ್ತು ಬರೆದೆ. ಬುಟ್ಟಿಯ ಉಳಿದ ತೂಕವನ್ನೂ ಅದಕ್ಕೆ ಸರಿಯಾಗಿ ಇನ್ನೂರು ಇಳಿಸಿದೆ, ಲೆಕ್ಕ ಕೂಡಬೇಕಲ್ಲ. ಕಚ್ಚಾ ಹಾಳೆಯನ್ನು ಹರಿದು ಅಂಗಡಿಯ ಚಹಾದ ಒಲೆಗೆ ಹಾಕಿದೆ. ಹುಡುಗಿ ಕೇಳಿದಾಗ, "ಮಳ್ಯಾಗ ತೋಯ್ದು ಹೋತ್ರಿ ಅಕ್ಕಾರ" ಎಂದೆ. ಅವಳು ನಂಬಿದಳು. ಮೂವತ್ತು ವರ್ಷ ಮಂದಿಯ ಕಾಳಿನಲ್ಲಿ ಒಂದು ಹಿಡಿ ಹೆಚ್ಚುಕಡಿಮೆ ಮಾಡದವನು ಮನೆಯವಳ ಹೊಟ್ಟೆಯ ಲೆಕ್ಕದಲ್ಲಿ ಮಾಡಿದೆ.

ತಿಂಗಳೊಪ್ಪತ್ತು ಕಳೆದ ಮೇಲೆ ಒಂದು ಮುಂಜಾನೆ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದರು. ಹುಡುಗಿ ಯಾರ ಹೆಸರೂ ಎತ್ತದೆ ಹೇಳಿದಳು: ಮನೆಯ ಲೆಕ್ಕದಲ್ಲಿ ನೋಡಿದರೆ ನಮ್ಮೂರಿನಲ್ಲಿ ಉಪವಾಸದವರಿಲ್ಲ, ತಾಟಿನ ಲೆಕ್ಕದಲ್ಲಿ ನೋಡಿದರೆ ಇದ್ದಾರೆ, ಅವರೆಲ್ಲ ಕೊನೆಗೆ ಉಣ್ಣುವವರು. ಗಂಡಸರು ತಲೆ ಕೆರೆದುಕೊಂಡರು. ಆಮೇಲೆ ಅವಳು, "ಒಂದು ಮನಿ ಮಾತ್ರ ಅದ. ಅಲ್ಲಿ ಕೊನೀಗೆ ಉಣ್ಣಾಕಿ ಹೆಣ್ಣುಮಗಳೂ ಹೊಟ್ಟಿತುಂಬ ಉಂಡಾಳ" ಎಂದಳು.

ಹಿಂದಿನ ಸಾಲಿನಿಂದ ಗೆಳೆಯ ಕೂಗಿದ, "ಅದು ತೂಕದಾಂವನ ಮನೀನ ಇರಬೇಕ್ರಿ! ಅಂವ ಮೊದ್ಲ ಹೇಳಿದ್ದ!"

ಮಂದಿ ಚಪ್ಪಾಳೆ ಹೊಡೆದರು. ಗೆಳೆಯನೂ ಹೊಡೆದ. ನಾನು ಮೀಸೆಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡುತ್ತ ಕೂತೆ. ನಾಚಿಕೊಂಡನೆಂದು ಮಂದಿ ತಿಳಿದರು. ಒಂದು ಲೆಕ್ಕಕ್ಕೆ ಅದು ಖರೆಯೇ ಆಗಿತ್ತು.

ಸಭೆ ಮುಗಿದ ಮೇಲೆ ಆಸ್ಪತ್ರೆಯ ನರ್ಸಬಾಯಿ ಹುಡುಗಿ ಕೊಟ್ಟ ಪಟ್ಟಿ ಹಿಡಿದು ಹೆಂಗಸರ ಸಾಲಿನಲ್ಲಿ ಹೋಗಿ ಕೆಲವರಿಗೆ ಚೀಟಿ ಕೊಟ್ಟಳು. ಯಾರ ಅಂಕಿ ಕಡಿಮೆ ಇತ್ತೋ ಅವರಿಗೆ ಆಸ್ಪತ್ರೆಯಲ್ಲಿ ರಕ್ತ ತಪಾಸಣೆ, ಗುಳಿಗೆ. ಗೆಳೆಯನ ಹೆಂಡತಿಗೆ ಬಂತು. ಅವಳ ಬಾಜೂಕ ನನ್ನ ಹೆಂಡತಿ ಕೂತಿದ್ದಳು. ನರ್ಸಬಾಯಿ ಅವಳನ್ನು ದಾಟಿ ಮುಂದೆ ಹೋದಳು. ನನ್ನ ಹೆಂಡತಿ ಅರ್ಧ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟು ದೂರದಿಂದಲೂ ಅದು ನನಗೆ ಕಂಡಿತು.

ಮನೆಗೆ ಬರುವ ದಾರಿಯಲ್ಲಿ ಅವಳು ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು. ಅವಳು ಹತ್ತನೆಯ ಇಯತ್ತೆ ಪಾಸಾದವಳು, ನಾನು ಏಳಕ್ಕೆ ಬಿಟ್ಟವನು. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ.

"ಏನ್ರಿ," ಎಂದಳು.

"ಏನು?"

"ಕಳೆ ತಗ್ಯಾಕ ಬಗ್ಗಿದ್ರ ಚಕ್ಕರ್ ಬರತೈತಿ ಅಂತ ಆ ಹುಡಿಗಿಗೆ ಹೇಳಿದ್ನಿ. ನಿಮ್ಮ ಅಂಕಿ ಕಡಿಮಿ ಬಂದದ, ಚೀಟಿ ಬಂದ ಬರ್ತದ ಅಂದಿದ್ಲು."

ಮುಂಜಾನೆ ಹೊತ್ತು ಅವಳು ಬಾಗಿಲ ಚೌಕಟ್ಟು ಹಿಡಿದು ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಬೀದಿ ನೋಡುತ್ತ ನಿಂತಿದ್ದಾಳೆ ಅಂದುಕೊಂಡಿದ್ದೆ.

"ಹಾಳಿ ನೀವ ಬರದ್ರಲ್ಲ. ನನಗ ಎಷ್ಟು ಹಾಕೀರಿ?"

"ಮುನ್ನೂರಾ ಹತ್ತು."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಷ್ಟು ಉಂಡಿದ್ರ ಚಲೋ ಇತ್ತು," ಎಂದಳು. ಆಮೇಲೆ ನನ್ನನ್ನು ದಾಟಿ ಮುಂದೆ ನಡೆದು ಹೋದಳು. ಅವಳು ನನಗಿಂತ ಮುಂದೆ ನಡೆದದ್ದನ್ನು ನಾನು ಅಂದೇ ನೋಡಿದ್ದು.

ಹುಡುಗಿ ಮರುದಿನ ಹೊರಡುವವಳಿದ್ದಳು. ಗುಡಗೇರಿ ಸ್ಟೇಷನ್ನಿಗೆ ಹೋದೆ. ಸಿಮೆಂಟಿನ ಬೆಂಚಿನ ಮೇಲೆ ಕೂತು ಹಾಳೆಗಳ ಕಟ್ಟು ತೊಡೆಯ ಮೇಲಿಟ್ಟುಕೊಂಡು ರೈಲು ಕಾಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ನಾನು ಕಳಿಸಲು ಬಂದೆನೆಂದು ತಿಳಿದಳು. ನಿಂತುಕೊಂಡೇ ಎಲ್ಲ ಹೇಳಿದೆ. ಬದಲಿಸಿದ್ದು, ಸುಟ್ಟದ್ದು, ಮಳೆಯ ಸುಳ್ಳು. ಕಟ್ಟೆಯ ಮೇಲೆ ಗೆಳೆಯನಿಗೆ ಅಂದದ್ದನ್ನೂ ಹೇಳಿದೆ.

ಅವಳು ಕಟ್ಟು ಬಿಚ್ಚಿ ನಮ್ಮ ಮನೆಯ ಹಾಳೆ ತೆಗೆದಳು. "ನನಗ ನೂರಾ ಹತ್ತಂತ ಎಲ್ಲೋ ನೆನಪಿತ್ತು ಕಾಕಾ," ಎಂದಳು. "ಹಾಳಿ ಮ್ಯಾಲೆ ನಿಮ್ಮ ಅಂಕಿ ನೋಡಿ, ನನ್ನ ನೆನಪ ತಪ್ಪಿರಬೇಕು ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅದೊಂದನ್ನ ತಿದ್ದಿಬಿಡ್ರಿ ಅಕ್ಕಾರ. ಗೆರಿ ಎಳೆದು ಬಾಜೂಕ ಬರೀರಿ. ತಪ್ಪೂ ಕಾಣ್ಲಿ."

"ಅದೊಂದ ಅಲ್ಲ ಕಾಕಾ. ನಿಮ್ಮ ಮನಿ ಒಂದು ಬಿಟ್ರ ಊರಿನ ಅಷ್ಟೂ ಮನೀದು ನೀವ ಓದಿ ನೀವ ಬರದೀರಿ. ನಿಮ್ಮೂರಿನ ಹಾಳಿ ಎಲ್ಲಾ ನಾ ತಗದ ಇಡಬೇಕಾಗ್ತದ."

"ಉಳಿದಾವು ಅಗದಿ ಬರೋಬ್ಬರಿ ಅದಾವ್ರಿ! ದೇವರಾಣಿ ಮಾಡ್ತೀನಿ."

"ನನಗ ನಂಬಿಕಿ ಅದ," ಎಂದಳು. "ಆದ್ರ ಓದವ್ರಿಗೆ ನಿಮ್ಮ ಆಣಿ ಹ್ಯಾಂಗ ತೋರಸ್ಲಿ?"

ಅಂಗಡಿಯಲ್ಲಿ ಒಂದು ಚೀಲದ ತೂಕದಲ್ಲಿ ಕೈವಾಡ ಮಾಡಿ ಸಿಕ್ಕಿಬಿದ್ದವನ ನೂರು ಚೀಲದ ತೂಕವನ್ನೂ ಯಾರೂ ಒಪ್ಪುವುದಿಲ್ಲ. ಹಾಗೆ ಸಿಕ್ಕಿಬಿದ್ದ ಒಬ್ಬನನ್ನು ಕೆಲಸ ಬಿಡಿಸುವಾಗ ಸಾವಕಾರನ ಪರವಾಗಿ ನಾನೇ ಮಾತಾಡಿದ್ದೆ. ಮುದುಕಿ ತೀರ್ಪು ಕೊಟ್ಟು ಹೊರಗೆ ತಂದಿಟ್ಟ ಬುಟ್ಟಿ, ಗೆಳೆಯನ ಹೆಂಡತಿಯ ಎರಡು ರೊಟ್ಟಿ, ಯಾವ ಹೆಂಗಸೂ ಬಾಯಿಬಿಟ್ಟು ಹೇಳದೆ ಕಾಂಟಾ ಮಾತ್ರ ಹೇಳಿದ್ದು, ಎಲ್ಲವನ್ನೂ ಹುಡುಗಿ ಕಟ್ಟಿನಿಂದ ಬೇರೆ ಮಾಡಿ ಒಂದು ರಬ್ಬರಿನಿಂದ ಕಟ್ಟಿ ಚೀಲದ ತಳಕ್ಕೆ ಹಾಕಿದಳು. ರೈಲು ಬರುವ ಮೊದಲು ನರ್ಸಬಾಯಿಗೆ ಒಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟಳು. ಅದರಲ್ಲಿ ನನ್ನ ಹೆಂಡತಿಯ ಹೆಸರಿತ್ತು, ಅದರ ಮುಂದೆ ನೂರಾ ಹತ್ತು ಎಂದಿತ್ತು. ಆ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಊರಿಗೆ ಬಂದೆ.

ರಕ್ತ ತಪಾಸಣೆ ಮಾಡಿದ ನರ್ಸಬಾಯಿ ನನ್ನನ್ನು ಒಳಗೆ ಕರೆದು, "ಏನ್ರಿ ಇಷ್ಟು ಕಡಿಮಿ? ಇವ್ರು ಹೊಲದಾಗ ಹ್ಯಾಂಗ ದುಡೀತಾರ್ರಿ?" ಎಂದು ಕೇಳಿದಳು. ಹೆಂಡತಿಯೇ, "ರೂಢಿ ಆಗೇತ್ರಿ" ಎಂದು ನನ್ನನ್ನು ಉಳಿಸಿಕೊಂಡಳು.

ಗೆಳೆಯನಿಗೂ ಹೇಳಿದೆ, ಕಟ್ಟೆಯ ಮೇಲೆ, ಮೊದಲು ನಗಿಸಿದಾಗ ಇದ್ದ ಮಂದಿ ಇದ್ದಾಗಲೇ. ಅವನು ತಿರುಗಿ ಒಂದು ಮಾತು ಅಂದಿದ್ದರೆ ಸಮ ಆಗುತ್ತಿತ್ತು. ಅವನು ಅನ್ನಲಿಲ್ಲ. ಎಲೆ ಅಡಕೆಯ ಚೀಲ ನನ್ನ ಕಡೆ ಸರಿಸಿದ. ಅಂಗಡಿಯಲ್ಲಿ ಈಗಲೂ ರೈತರು "ಅಂವ ನಿಂತಾನೇನು" ಎಂದು ಕೂಗುತ್ತಾರೆ. ನಾನು ಕೇಳಿಸದವನಂತೆ ಚೀಲ ಎಳೆಯುತ್ತೇನೆ.

ಈಗ ಯಾರನ್ನಾದರೂ ಕರೆಯುವುದಿದ್ದರೆ ಮೊದಲು ಮನೆಗೆ ಫೋನ್ ಮಾಡುತ್ತೇನೆ. ಎರಡು ಸಲ ಮರೆತೂ ಇದ್ದೇನೆ. ಎಲ್ಲರೂ ಕೂಡಿ ಉಣ್ಣೋಣ ಎಂದು ಹೆಂಡತಿಗೆ ಹೇಳಿದೆ. "ಬಡಸವ್ರು ಯಾರು?" ಎಂದು ನಕ್ಕಳು. ಹೀಗಾಗಿ ರವಿವಾರ ಮಧ್ಯಾಹ್ನ ಅವಳು ಉಣ್ಣುವಾಗ ನಾನು ಬುಟ್ಟಿ ಹಿಡಿದು ಎದುರು ಕೂರುತ್ತೇನೆ. ಮೊದಲ ದಿನ ಅವ್ವ ಪಡಸಾಲೆಯಿಂದಲೇ, "ಗಂಡಸು ಬುಟ್ಟಿ ಹಿಡಿಯೂದೊಂದು ನೋಡೂದು ಬಾಕಿ ಇತ್ತು ನನಗ" ಎಂದು ಗೊಣಗಿದಳು. ಹೆಂಡತಿ ತಾಟು ಎಳೆದುಕೊಂಡು ರೊಟ್ಟಿಗೆ ಕೈ ಹಾಕಿದವಳು, ಹಾಗೇ ತಡೆದು ನನ್ನ ಕಣ್ಣು ನೋಡಿದಳು.

"ಹಂಗ ನೋಡಬ್ಯಾಡ್ರಿ. ಎಣಿಸಿದಂಗ ಆಗತೈತಿ."

ನಾನು ಮುಖವನ್ನು ಬೀದಿಯ ಕಡೆ ತಿರುಗಿಸಿದೆ. ಖಡಕ್ ರೊಟ್ಟಿಗೆ ಸದ್ದಿರುತ್ತದೆ. ಇಡೀ ರೊಟ್ಟಿ ಮುರಿದ ಸದ್ದು ಬೇರೆ, ಮುರಿದ ತುಂಡನ್ನು ಮತ್ತೆ ಮುರಿಯುವ ಸದ್ದು ಬೇರೆ. ಇದು ಈಚೆಗೆ ನಾನು ಕಲಿತದ್ದು. ಬಾಜೂಕ ಒಂದು ರೊಟ್ಟಿ ಮುರಿಯಿತು. ಲಾಭ, ಎಂದಿತು ಮನಸ್ಸು. ಬುಟ್ಟಿಯನ್ನು ಅವಳ ಕೈಗೆ ಇನ್ನಷ್ಟು ಹತ್ತಿರ ಸರಿಸಿ, ಬೀದಿಯನ್ನೇ ನೋಡುತ್ತ, ಎರಡನೆಯ ಸದ್ದಿಗೆ ಕಾಯುತ್ತ ಕೂತೆ.